ಸಕ್ಕರೆಲೇಪದ ಕೇಕು: ಬಳ್ಳಾರಿ ಸೀಮೆಯ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

ತುಂಗಭದ್ರೆಯ ದಡದಲ್ಲಿರುವ ಮಾಗಳ ಗ್ರಾಮವು ಕಲ್ಯಾಣದ ಚಾಲುಕ್ಯರ ಕಾಲದ ದೇವಾಲಯದಿಂದ ಇತಿಹಾಸಕಾರರಿಗೆ ಪರಿಚಿತವಾದುದು. ಅಲೆಕ್ಸಾಂಡರ್ ರೀ ಅವರು 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಈ ದೇವಾಲಯದ ಕುಸುರಿಕೆಲಸಕ್ಕೆ ಸ್ಥಾನ ದೊರೆತಿದೆ. ಇಲ್ಲಿಗೆ ಬರುವ ಅಭ್ಯಾಸಿಗಳು ಕಂಬಗಳನ್ನೂ ಭುವನೇಶ್ವರಿಗಳನ್ನೂ ಅಳೆಯುವರು. ಸಂಜೆ ಚಹದೊಡನೆ ತಾವು ತಿಂದುದನ್ನು ಯಾರೂ ಬರೆದಿಡುವುದಿಲ್ಲ. ಈ ಸೀಮೆಯಲ್ಲಿ ಸಂಜೆಯ ತಿಂಡಿಯೆಂದರೆ ಮೊದಲಿನಿಂದಲೂ ಮಂಡಕ್ಕಿ ಮಿರ್ಚಿ. ಆದರೆ ಇಂದು ಪೇಟೆಯ ಬೇಕರಿಗಳ ಗಾಜಿನ ಕಪಾಟಿನಲ್ಲಿ ಸಕ್ಕರೆಲೇಪದ ಕೇಕೂ ಇರುವುದು. ಜೋಳದ ರೊಟ್ಟಿಯ ನಾಡಿಗೆ ಈ ಭಕ್ಷ್ಯವು ಬಂದ ಬಗೆಯನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ 'ಪೌಂಡ್ ಕೇಕ್' ಎಂಬುದು ಬಂದಿದೆ. ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಒಂದೊಂದು ಪೌಂಡಿನಂತೆ ತೆಗೆದುಕೊಂಡು ಮೊಟ್ಟೆಯೊಡನೆ ಕಲಸುವುದರಿಂದ ಅದಕ್ಕೆ ಆ ಹೆಸರು. ಇದನ್ನೇ ಉದ್ದನೆಯ ಅಚ್ಚಿನಲ್ಲಿ ಬೇಯಿಸಿ, ಆರಿದ ಮೇಲೆ ನುಣುಪಾದ ಸಕ್ಕರೆಪುಡಿಯ ಲೇಪವನ್ನು ಸುರಿದರೆ ಚಹದ ವೇಳೆಯ ಸಾಮಾನ್ಯ ಕೇಕು ಸಿದ್ಧವಾಗುವುದು. ಇದಕ್ಕೆ ಬೇಕಾದುವು ಮೂರು: ಸುತ್ತಲಿನಿಂದಲೂ ತಗಲುವ ಶಾಖ, ಒಳಗಿನ ಗಾಳಿಯನ್ನು ಹಿಡಿದಿಡುವ ಹಿಟ್ಟು, ಆ ಗಾಳಿಯನ್ನು ಉಂಟುಮಾಡುವ ಸಾಧನ. ಇವುಗಳಲ್ಲಿ ನಮ್ಮಲ್ಲಿ ಇದ್ದುದಾವುದು, ಹೊರಗಿನಿಂದ ಬಂದುದಾವುದು ಎಂಬುದನ್ನು ಒಂದೊಂದಾಗಿ ನೋಡಬೇಕು.

ಶಾಖದ ವಿಷಯದಲ್ಲಿ ಕನ್ನಡಿಗರು ಅನನುಭವಿಗಳಾಗಿರಲಿಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನವಿದೆ. 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸುವುದು. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಮುಚ್ಚಳ ರೊಟ್ಟಿಯ ಪ್ರಸ್ತಾಪವುಂಟು. ಗೋಧಿಯ ಕಣಕವನ್ನು ಕಾವಲಿಯ ಮೇಲಿಟ್ಟು ಮುಚ್ಚಳ ಮುಚ್ಚಿ, ಕೆಳಗೂ ಮೇಲೂ ಕೆಂಡವನ್ನಿಟ್ಟು ಬೇಯಿಸುವ ಕ್ರಮವಿದು. ಭಟ್ಟಿಯಿಲ್ಲದ ಬಿಡಾರಗಳಲ್ಲಿ ಆಂಗ್ಲರ ಅಡುಗೆಯವರು ಕೇಕು ಬೇಯಿಸಿದುದೂ ಹೀಗೆಯೇ, ಅಂದರೆ ಪಾತ್ರೆಯ ಮುಚ್ಚಳದ ಮೇಲೆ ಕೆಂಡವನ್ನು ಹರಡಿ. ಆದುದರಿಂದ ಕೇಕಿಗೆ ನಮ್ಮ ಒಲೆ ಅಡ್ಡಿಯಾಗಿರಲಿಲ್ಲವೆಂದು ಹೇಳಬಹುದು. ಹಾಗೆಂದು ಮುಚ್ಚಳ ರೊಟ್ಟಿಯೇ ಕೇಕಿನ ಪೂರ್ವಜವೆಂದು ವಾದಿಸುವುದು ಸಲ್ಲದು. ಬೇಯಿಸುವ ವಿಧಾನವೊಂದೇ ಆದರೂ ಬೆಂದ ವಸ್ತುಗಳು ಬೇರೆ.

ಎರಡನೆಯದು ಹಿಟ್ಟು. ಹಡಗಲಿ ಸೀಮೆಯ ಮುಖ್ಯ ಧಾನ್ಯ ಜೋಳ. ಗೋಧಿಹಿಟ್ಟನ್ನು ನಾದಿದಾಗ ಹುಟ್ಟುವ ಅಂಟು ಜೋಳದ ಹಿಟ್ಟಿನಲ್ಲಿ ಇಲ್ಲ. ಜೋಳದ ರೊಟ್ಟಿಯನ್ನು ಬಿಸಿನೀರಿನಲ್ಲಿ ಕಲಸಿ ಕೈಯಿಂದ ಬಡಿಯುವುದು ಇದೇ ಕಾರಣದಿಂದ. ಗಾಳಿಯನ್ನು ಹಿಡಿದು ಎತ್ತರಕ್ಕೆ ಉಬ್ಬುವ ಶಕ್ತಿ ಅದಕ್ಕಿಲ್ಲ. ಇನ್ನು ಮೂರನೆಯದು ಉಬ್ಬಿಸುವ ಸಾಧನ. ಭಾರತದಲ್ಲಿದ್ದ ಆಂಗ್ಲರ ಬ್ರೆಡ್ಡಿಗೆ ಈಚಲು ತೆಂಗುಗಳ ಹೆಂಡವೇ ಬಹುಕಾಲ ಹುಳಿಯಾಗಿದ್ದಿತು. ಕೇಕಿಗಾದರೋ ಮೊಟ್ಟೆಯನ್ನು ಕಡೆದು ತುಂಬಿದ ಗಾಳಿಯೇ ಆಧಾರ. ಹೆಂಡ, ಮೊಟ್ಟೆ ಎರಡನ್ನೂ ಲಿಂಗಾಯತ, ಜೈನ, ಬ್ರಾಹ್ಮಣ ಮನೆತನಗಳು ಒಲೆಯ ಬಳಿಗೆ ಸೇರಿಸುತ್ತಿರಲಿಲ್ಲ. ನಿಜವಾದ ಅಡ್ಡಿ ಇದ್ದುದು ಇಲ್ಲಿ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಅಂದಿನಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹಡಗಲಿ ತಾಲ್ಲೂಕು ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದಿತು. ಬಳ್ಳಾರಿಯಲ್ಲಿ ದಂಡು ನೆಲೆಸಿತು. ದಂಡಿನೊಡನೆ ಬ್ರೆಡ್ಡು, ಬಿಸ್ಕತ್ತು, ಕೇಕುಗಳು ಬಂದುವು. ಇವನ್ನು ಬೇಯಿಸಿದ ಕೈಗಳು ಬಹುಮಟ್ಟಿಗೆ ಇಲ್ಲಿಯವರವು. ಮದರಾಸಿನಲ್ಲಿ 1878ರಲ್ಲಿ ಕರ್ನಲ್ ಕೆನಿ-ಹರ್ಬರ್ಟ್ 'ವೈವರ್ನ್' ಎಂಬ ಹೆಸರಿನಿಂದ ಪ್ರಕಟಿಸಿದ ಪ್ರಸಿದ್ಧ ಪಾಕಗ್ರಂಥದಲ್ಲಿ ದೇಶೀಯ ಅಡುಗೆಯವನಿಗೆ ಒಂದೇ ಹೆಸರು: 'ರಾಮಸಾಮಿ'. ಯಾವ ಊರಿನವನಾದರೂ, ಎಷ್ಟೇ ನಿಪುಣನಾದರೂ ಅವನು ರಾಮಸಾಮಿಯೇ. ಈ ಅನ್ಯಾಯವನ್ನು ಪರಕೀಯರೊಬ್ಬರ ಮೇಲೆಯೇ ಹೊರಿಸುವಂತಿಲ್ಲ. ನೈವೇದ್ಯಕ್ಕೆ ಭೂಮಿಯನ್ನು ಬಿಟ್ಟ ದಾನಿಗಳ ಹೆಸರುಗಳನ್ನು ನಮ್ಮ ಶಾಸನಗಳು ಅಕ್ಕರೆಯಿಂದ ಕೆತ್ತಿರುವುವು. ನೈವೇದ್ಯವನ್ನು ಅಟ್ಟವನ ಹೆಸರನ್ನು ಅವುಗಳಲ್ಲಿ ಕಾಣುವುದು ಅಪೂರ್ವ.

ಮೊಟ್ಟೆಯ ಅಡ್ಡಿಯನ್ನು ನಿವಾರಿಸಿದ ಸಾಧನವು ಇಂಗ್ಲೆಂಡಿನಲ್ಲಿ ಮನೆಯ ಅವಶ್ಯಕತೆಯೊಂದರಿಂದ ಹುಟ್ಟಿತು. ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯು, ತನ್ನ ಪತ್ನಿಗೆ ಮೊಟ್ಟೆಯೂ ಹುಳಿಯೂ ಒಗ್ಗದಿದ್ದುದರಿಂದ, 1843ರಲ್ಲಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಸೋಡವೂ ಆಮ್ಲವೂ ಕೂಡಿ ಬಿಡುವ ಅನಿಲವು ಹಿಟ್ಟನ್ನು ಉಬ್ಬಿಸುವುದು. ನಮ್ಮ ನಾಡಿನಲ್ಲಿ ಇಂಥ ಪಾಕಕ್ಕೆ ವಿಶಾಲವಾದ ಅವಕಾಶವಿದ್ದಿತು. ಹಾಸನ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದರು. ಆಂಗ್ಲನೊಬ್ಬನಿಂದ ಅವರು ಈ ವಿದ್ಯೆಯನ್ನು ಕಲಿತರೆಂಬುದು ಪ್ರತೀತಿ. ಅವರ ಹಾದಿಯಲ್ಲಿ ನಡೆದವರಿಂದ 'ಅಯ್ಯಂಗಾರ್ ಬೇಕರಿ' ಎಂಬ ಹೆಸರೇ ಮೊಟ್ಟೆಯಿಲ್ಲದ ಕೇಕಿಗೆ ಮುದ್ರೆಯಾಗಿ, ಕರ್ನಾಟಕದ ಅನೇಕ ಪೇಟೆಗಳಿಗೆ ಹರಡಿತು.

ಪಾಕವು ಬಹು ಸರಳವಾದುದು. 250 ಗ್ರಾಂ ಮೊಸರಿಗೆ 150 ಗ್ರಾಂ ಸಕ್ಕರೆ, ಅರ್ಧ ಚಮಚ ಸೋಡ, ಒಂದೂಕಾಲು ಚಮಚ ಬೇಕಿಂಗ್ ಪೌಡರು ಸೇರಿಸಿ, ನೊರೆಯೆದ್ದ ಮೇಲೆ 120 ಮಿಲಿಲೀಟರು ಕರಗಿಸಿದ ಬೆಣ್ಣೆ, 200 ಗ್ರಾಂ ಮೈದಾಹಿಟ್ಟುಗಳನ್ನು ಹಗುರವಾಗಿ ಕಲಸಿ, 180 ಡಿಗ್ರಿ ಶಾಖದಲ್ಲಿ ಸುಮಾರು ಮುಕ್ಕಾಲು ಗಂಟೆ ಬೇಯಿಸಬೇಕು. ಪೂರ್ಣವಾಗಿ ಆರಿದ ಮೇಲೆ 100 ಗ್ರಾಂ ಸಕ್ಕರೆಪುಡಿಗೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ ಲೇಪಿಸುವುದು. ಇಲ್ಲಿ ಮೊಟ್ಟೆಯ ಕೆಲಸವನ್ನು ಬಹುಮಟ್ಟಿಗೆ ಮೊಸರಿನ ಹುಳಿಯೇ ಮಾಡುವುದನ್ನು ಗಮನಿಸಬೇಕು. ಹಿತ್ತಾಳೆಯ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ಅಚ್ಚನ್ನಿಟ್ಟು ಮುಚ್ಚಿದರೂ ಇದು ಬೇಯುವುದು.

ಲೇಪಕ್ಕೆ ಬೇಕಾದ ಬಿಳಿಯ ಸಕ್ಕರೆಯು ಈ ಸೀಮೆಗೆ ದೂರದ ವಸ್ತುವಾಗಿ ಉಳಿಯಲಿಲ್ಲ. ವಿಜಯನಗರದ ಅರಸರ ಕಾಲುವೆಗಳಿಂದ ಬೆಳೆದ ಕಬ್ಬು ಹೊಸಪೇಟೆಯಲ್ಲಿದ್ದಿತು. 1930ರ ದಶಕದಲ್ಲಿ ಅಲ್ಲಿ ಸಕ್ಕರೆಯ ಕಾರ್ಖಾನೆಯೂ ಏರ್ಪಟ್ಟಿತು. ಚಹದ ಪ್ರಚಾರಕ್ಕೆ ಹಣ ಒದಗಿಸಲು ಸರ್ಕಾರವು 1903ರಲ್ಲಿ ಚಹದ ಮೇಲೆ ಸುಂಕವನ್ನು ವಿಧಿಸಿತು. 1930ರ ದಶಕದಲ್ಲಿ ಪ್ರಚಾರಕರು ಊರೂರು ತಿರುಗಿ ಚಹ ಕಾಸುವುದನ್ನು ಜನರಿಗೆ ತೋರಿಸಿದರು. ಚಹದ ಹೊತ್ತು ಎಂಬುದು ದಿನಚರಿಯಲ್ಲಿ ನೆಲೆಗೊಂಡ ಬಳಿಕವೇ ಅದರೊಡನೆ ತಿನ್ನುವ ಕೇಕಿಗೂ ಎಡೆ ದೊರೆಯಿತು.

ಕೇಕು ಆಂಗ್ಲರ ಕೊಡುಗೆಯೆಂದು ಕೆಲವರು ಸುಮ್ಮನಾಗುವರು; ಎಲ್ಲವೂ ನಮ್ಮ ಪೂರ್ವಿಕರಲ್ಲಿ ಇದ್ದಿತೆಂದು ಮತ್ತೆ ಕೆಲವರು ಹಿಗ್ಗುವರು. ಮೇಲಿನ ಸಂಗತಿಗಳು ಈ ಎರಡು ಮತಗಳನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ. ಒಲೆಯ ಅನುಭವ ಇಲ್ಲಿಯದು, ಪಾಕ ಹೊರಗಿನದು. ಅದನ್ನು ನಮ್ಮ ಊಟದ ನಿಯಮಕ್ಕೆ ಒಗ್ಗಿಸಿದ ಬುದ್ಧಿ ಮತ್ತೆ ಇಲ್ಲಿಯದು. ಆ ಬುದ್ಧಿಯುಳ್ಳವರಲ್ಲಿ ಹೆಸರುಳಿದವರು ಕೆಲವರು, ಅಳಿದವರು ಅಸಂಖ್ಯಾತರು. ಬೇಕರಿಗಳಲ್ಲಿ ದುಡಿದ ಹಿರಿಯರ ನೆನಪುಗಳೂ ಗೃಹಿಣಿಯರು ಅಳತೆ ಬರೆದಿಟ್ಟ ಪುಸ್ತಕಗಳೂ ಇನ್ನೂ ಅಲ್ಲಲ್ಲಿ ಉಳಿದಿವೆ. ಮಾಗಳದ ಕಂಬಗಳನ್ನು ಅಳೆಯಲು ಹೋಗುವ ವಿದ್ಯಾರ್ಥಿಗಳು ಅವನ್ನೂ ಹುಡುಕಿ ಪ್ರತಿಮಾಡಿಕೊಂಡು ಬರುವುದು ಒಳಿತು. ಕಲ್ಲು ಇನ್ನೂ ಕೆಲವು ಶತಮಾನ ನಿಲ್ಲುವುದು. ಕಾಗದಕ್ಕೂ ನೆನಪಿಗೂ ಅಷ್ಟು ಆಯುಸ್ಸಿಲ್ಲ.