ವಿಸ್ತೃತ ತೇಲುಬಿಂದು ಸಂಖ್ಯೆ

ಕಂಪ್ಯೂಟರ್ ಲೆಕ್ಕಾಚಾರದಲ್ಲಿ ವಾಡಿಕೆಯಲ್ಲಿರುವ 64 ಬಿಟ್‌ಗಳ ‘ಡಬಲ್’ಗಿಂತ ಹೆಚ್ಚು ಅಂಕಿಗಳನ್ನು ಹಿಡಿದಿಡುವ ಸಂಖ್ಯಾರೂಪ. ಇದರಲ್ಲಿ ಹೆಸರಾದದ್ದು 80 ಬಿಟ್‌ಗಳದು: ಚಿಹ್ನೆಗೆ 1, ಘಾತಕ್ಕೆ 15, ಅಂಕಿಗಳಿಗೆ 64. ಡಬಲ್‌ನಲ್ಲಿ ಸುಮಾರು 16 ದಶಮಾನ ಅಂಕಿಗಳನ್ನು ನಂಬಬಹುದಾದರೆ ಇದರಲ್ಲಿ ಸುಮಾರು 19.

1980ರಲ್ಲಿ ಇಂಟೆಲ್ ಕಂಪನಿಯ 8087 ಚಿಪ್‌ನೊಂದಿಗೆ ಇದು ಬಳಕೆಗೆ ಬಂತು. ಅಲ್ಲಿನ ಜಾನ್ ಪಾಮರ್ ಅವರಿಗೆ ಸಲಹೆಗಾರರಾಗಿದ್ದವರು ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್. ಕಹಾನ್ ಅವರ ಪಾಲಿಗೆ ಇದು ಲೆಕ್ಕದ ರಫ್ ಪುಟ. ಉತ್ತರ ಬರೆಯುವುದು ಡಬಲ್‌ನಲ್ಲೇ. 64 ಎಂಬುದೂ ಸುಮ್ಮನೆ ಬಂದದ್ದಲ್ಲ. ಸಂಖ್ಯೆಯನ್ನು ಘಾತಕ್ಕೇರಿಸಲು ಲಾಗರಿದಮ್ ಮೂಲಕ ಹೋಗಬೇಕು. ಅದರ ಪೂರ್ಣಾಂಕ ಭಾಗವೇ 11 ಬಿಟ್‌ವರೆಗೆ ನುಂಗಿಬಿಡುತ್ತದೆ. ಡಬಲ್‌ನಲ್ಲಿ ಅಂಕಿಗಳಿಗಿರುವ 53 ಬಿಟ್‌ಗೆ ಆ 11 ಕೂಡಿದರೆ 64. 1985ರ ಐಇಇಇ 754 ತೇಲುಬಿಂದು ಮಾನಕ ವಿಸ್ತೃತ ರೂಪವನ್ನು ಶಿಫಾರಸು ಮಾಡಿತು, ಕಡ್ಡಾಯ ಮಾಡಲಿಲ್ಲ.

ತೊಡಕು ಹುಟ್ಟಿದ್ದು ರಫ್ ಪುಟದಿಂದ ಉತ್ತರಕ್ಕೆ ಇಳಿಸುವಲ್ಲಿ. ಚಿಪ್‌ನೊಳಗೆ 80 ಬಿಟ್ ಇದ್ದ ಸಂಖ್ಯೆ ಮೆಮೊರಿಗೆ ಹೋಗುವಾಗ 64ಕ್ಕೆ ಮೊಟಕಾಗುತ್ತದೆ. ಯಾವಾಗ ಕಳಿಸಬೇಕೆಂಬುದು ಕಂಪೈಲರಿನ ಮರ್ಜಿ. ಹೀಗಾಗಿ ಒಂದೇ ಪ್ರೋಗ್ರಾಂ ಎರಡು ಬಗೆಯಲ್ಲಿ ಕಂಪೈಲ್ ಆದಾಗ ಎರಡು ಉತ್ತರ ಕೊಡುತ್ತಿತ್ತು. ತಪ್ಪು ಹುಡುಕಲೆಂದು ನಡುವೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ತಪ್ಪೇ ಮಾಯವಾಗುವುದೂ ಉಂಟು! 2000ರಲ್ಲಿ ಪೆಂಟಿಯಂ 4 ಜೊತೆ ಬಂದ ಎಸ್‌ಎಸ್‌ಇ2 ಸೂಚನೆಗಳು ನೇರವಾಗಿ 64 ಬಿಟ್‌ನಲ್ಲೇ ಲೆಕ್ಕ ಮಾಡುತ್ತವೆ. 80 ಬಿಟ್ ಕ್ರಮೇಣ ಮೂಲೆ ಸೇರಿತು.

ಅಂಕಿ ಹೆಚ್ಚಿದರೆ ಉತ್ತರ ಸರಿಯಾದೀತೆಂಬ ನಂಬಿಕೆಗೆ ಪೆಟ್ಟು ಕೊಟ್ಟವರು ಜರ್ಮನಿಯ ಸೀಗ್‌ಫ್ರೀಡ್ ರಂಪ್. 1988ರಲ್ಲಿ ಅವರು ಪ್ರಕಟಿಸಿದ ಒಂದು ಸೂತ್ರಕ್ಕೆ 77617, 33096 ಎಂಬ ಬೆಲೆಗಳನ್ನು ಹಾಕಿ ಐಬಿಎಂ ಸಿಸ್ಟಂ/370 ಯಂತ್ರದಲ್ಲಿ ಲೆಕ್ಕ ಮಾಡಿದರೆ ಏಕ, ದ್ವಿ, ವಿಸ್ತೃತ ಮೂರೂ ನಿಖರತೆಗಳಲ್ಲಿ 1.1726 ಎಂದೇ ಬರುತ್ತಿತ್ತು. ಮೂರೂ ತಾಳೆಯಾದ ಮೇಲೆ ಯಾರಿಗೆ ಅನುಮಾನ? ನಿಜವಾದ ಉತ್ತರ ಸುಮಾರು −0.8274, ಚಿಹ್ನೆಯೇ ತಪ್ಪು. ಸೂತ್ರದಲ್ಲಿ 37 ಅಂಕಿಗಳ ಎರಡು ಮೊತ್ತಗಳು ಪರಸ್ಪರ ಕಳೆದುಹೋಗಿ −2 ಮಾತ್ರ ಉಳಿದು, ಅದು 1.1726ಕ್ಕೆ ಕೂಡಬೇಕು. ಆನೆಯ ಪಕ್ಕದ ಇರುವೆಯಂತಿದ್ದ ಆ 2, ಆ ಯಂತ್ರದ ಸುಮಾರು 33 ಅಂಕಿಗಳ ವಿಸ್ತೃತ ರೂಪದಲ್ಲೂ ಉಳಿಯಲಿಲ್ಲ.

2008ರ ಪರಿಷ್ಕೃತ ಐಇಇಇ 754 ಮಾನಕ 128 ಬಿಟ್‌ಗಳ ರೂಪವನ್ನು ಸೇರಿಸಿತು. ಅದರಲ್ಲಿ ಸುಮಾರು 34 ಅಂಕಿಗಳು ಸಿಗುತ್ತವೆ. ರಂಪ್ ಲೆಕ್ಕಕ್ಕೆ ಅವೂ ಸಾಲವು.