ಮಿಡಿ ಕಂಟ್ರೋಲರ್

ಸ್ವತಃ ಸದ್ದು ಮಾಡದೆ, ಕಂಪ್ಯೂಟರ್ ಅಥವಾ ಮೊಬೈಲಿನ ಸಂಗೀತ ತಂತ್ರಾಂಶವನ್ನು ನುಡಿಸುವ ಉಪಕರಣ. ಇದು ಬಳಸುವ ‘ಮಿಡಿ’ ಸಂಕೇತಪದ್ಧತಿ 1983ರದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮದರಂಗಿ ರಾತ್ರಿಗೆ ಡಿಜೆ ಕಲಿಯುವವರು ಇದನ್ನು ಕೊಳ್ಳುವಾಗ ಮಿನುಗುವ ದೀಪಗಳಿಗಿಂತ ಮೊದಲು ಹೆಡ್‌ಫೋನ್ ಜಾಕ್ ನೋಡಬೇಕು. ಪಯೋನಿಯರ್ ಡಿಡಿಜೆ-200ರಲ್ಲಿ ಅದಿಲ್ಲ, ಡಿಡಿಜೆ-ಎಫ್‌ಎಲ್‌ಎಕ್ಸ್4ರಲ್ಲಿದೆ. ಇಲ್ಲದಿದ್ದರೆ ಮುಂದಿನ ಹಾಡನ್ನು ತಾನೊಬ್ಬನೇ ಕೇಳಿ ಹೊಂದಿಸಲು ಬೇರೆ ಕೇಬಲ್ ಬೇಕು.

ಮನೆಯಲ್ಲೇ ಹಾಡು ಕಟ್ಟುವವರಿಗೆ 25 ಕೀಗಳ ಪುಟ್ಟ ಕೀಬೋರ್ಡ್ ಅಗ್ಗ ನಿಜ, ಆದರೆ ಭಜನೆಯ ಹಾರ್ಮೋನಿಯಂಗೆ ಪಳಗಿದ ಕೈಗೆ ಇಕ್ಕಟ್ಟು: ಸಿಗುವುದು ಎರಡೇ ಸ್ಥಾಯಿ. 49 ಕೀಗಳದ್ದೇ ಲೇಸು. ಗಮಕ ಬೇಕಿದ್ದರೆ ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರ ಮುಖ್ಯ. ಮಾಮೂಲಿ ತಿರುಪುಗುಂಡಿಗೆ 128 ಹಂತಗಳಾದರೆ ಇದಕ್ಕೆ ಮಿಡಿಯಲ್ಲಿ 16,384. ಅಗ್ಗದ ಕೆಲವು ಮಾದರಿಗಳಲ್ಲಿ ಚಕ್ರದ ಬದಲು ಪುಟ್ಟ ಜಾಯ್‌ಸ್ಟಿಕ್ ಇರುತ್ತದೆ. ಅದರಲ್ಲಿ ಕಂಪಿತ ಗಮಕ ಹಿಡಿಯುವುದು ಕಷ್ಟ.