ದೇವರಿಗೆ ನಡಕೊಳ್ಳುವುದು

ಸವದತ್ತಿ ಕಡೆ "ನಿಮ್ಮ ಮನಿದೇವರು ಯಾವುದ್ರೀ?" ಎಂದು ಕೇಳಿದರೆ ಉತ್ತರ ಬರೀ ದೇವರ ಹೆಸರಿನಲ್ಲಿ ಮುಗಿಯುವುದಿಲ್ಲ, ಒಂದು ಕ್ರಿಯಾಪದದಲ್ಲಿ ಮುಗಿಯುತ್ತದೆ. "ನಾವು ಗುಡ್ಡಕ್ಕ ನಡಕೋತೇವ್ರಿ." ಗುಡ್ಡವೆಂದರೆ ಎಲ್ಲಮ್ಮನ ಗುಡ್ಡ, ಅದನ್ನು ಬಿಡಿಸಿ ಹೇಳಬೇಕಿಲ್ಲ. ರಾಮದುರ್ಗದ ಕಡೆ ಹೋದರೆ "ಗೊಡಚಿ ಈರಭದ್ರಗ ನಡಕೋತೇವಿ" ಅನ್ನುವವರು ಸಿಗುತ್ತಾರೆ. ಬೈಲಹೊಂಗಲದ ಹಳ್ಳಿಗಳಲ್ಲಿ "ಮಠಕ್ಕ ನಡಕೊಳ್ಳೋ ಮಂದಿ" ಎಂಬ ಮಾತಿದೆ. ಭಕ್ತಿ, ಪೂಜೆ, ಆರಾಧನೆ ಎಂಬ ದೊಡ್ಡ ಪದಗಳೆಲ್ಲ ಕೈಯಳತೆಯಲ್ಲೇ ಇದ್ದರೂ ಜನ ತಮ್ಮ ದೇವರ ಜೊತೆಗಿನ ಸಂಬಂಧಕ್ಕೆ ಆರಿಸಿಕೊಂಡದ್ದು ಕಾಲಿನ ಪದವನ್ನು.

ಅದು ಸುಮ್ಮನೆ ಬಂದ ಪದವಲ್ಲ. ಭಾರತ ಹುಣ್ಣಿಮೆ ಹತ್ತಿರವಾದಂತೆ ಸವದತ್ತಿಯ ದಾರಿಗಳಲ್ಲಿ ಚಕ್ಕಡಿಗಳ ಜೊತೆ ನಡೆದು ಬರುವವರ ಸಾಲು ಕಾಣುತ್ತದೆ. ಅವರ ಅಜ್ಜ ನಡೆದಿದ್ದ, ಅವನಪ್ಪ ನಡೆದಿದ್ದ. ಕಲ್ಯಾಣದಿಂದ ಉಳವಿಗೆ ಹೊರಟ ಶರಣರು ಈ ಸೀಮೆಯನ್ನೇ ಹಾದು ಹೋದರೆಂದು ಇಲ್ಲಿಯವರು ನಂಬುತ್ತಾರೆ. ಕಿತ್ತೂರಿಗೆ ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ನೀರಿನಲ್ಲಿ, ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಧರ್ಮಕ್ಕಾಗಿ ಕಾಲು ಸವೆಸಿದವರ ನೆನಪು ತುಂಬಿದ ನೆಲ ಇದು. ಇಲ್ಲಿ ನಡೆಯುವುದೂ ನಡಕೊಳ್ಳುವುದೂ ಒಂದೇ ಬೇರಿನಿಂದ ಚಿಗುರಿದರೆ ಆಶ್ಚರ್ಯವಿಲ್ಲ.

ಈ ಪದದ ವ್ಯಾಕರಣವನ್ನು ಸ್ವಲ್ಪ ನಿಂತು ನೋಡಬೇಕು. ನಂಬುವವರು ದೇವರನ್ನು ನಂಬುತ್ತಾರೆ; ನಡಕೊಳ್ಳುವವರು ದೇವರಿಗೆ ನಡಕೊಳ್ಳುತ್ತಾರೆ. ಮೊದಲನೆಯದರಲ್ಲಿ ದೇವರು ಕರ್ಮ, ಮನಸ್ಸು ಹೋಗಿ ಹಿಡಿಯುವ ವಸ್ತು. ಎರಡನೆಯದರಲ್ಲಿ ದೇವರು ದಿಕ್ಕು. 'ಕೊಳ್ಳು' ಸೇರಿದ್ದರಿಂದ ಇನ್ನೊಂದು ಅರ್ಥ ಕೂಡಿಬಂದಿದೆ: ತನ್ನನ್ನು ತಾನು ನಡೆಸಿಕೊಳ್ಳುವುದು, ತನ್ನ ಮೈಮನಸ್ಸಿಗೆ ತಾನೇ ಮೂಗುದಾರ ಹಾಕುವುದು. ಅದಕ್ಕೇ ತಾಯಿ ಮಗನಿಗೆ "ನಾಕ ಮಂದ್ಯಾಗ ನೆಟ್ಟಗ ನಡಕೋ" ಎನ್ನುವಾಗಲೂ ಇದೇ ಪದ, ಅತ್ತೆ ಸೊಸೆ ಕೂಡಿ ಬಾಳುವುದಕ್ಕೂ ಇದೇ ಪದ. ದೇವರಿಗೊಂದು, ಮನುಷ್ಯರಿಗೊಂದು ಎಂದು ಭಾಷೆ ಬೇರೆ ಮಾಡಲಿಲ್ಲ.

ಕಾಲವನ್ನೂ ಗಮನಿಸಿ. "ನಾನು ಹೋದ ಸೋಮವಾರ ದೇವರಿಗೆ ನಡಕೊಂಡೆ" ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಕೇಳಿದವರಿಗೆ ಅರ್ಥವಾಗದು. "ನಡಕೋತೇವಿ", "ನಡಕೋತ ಬಂದೇವಿ" ಎಂದೇ ಹೇಳಬೇಕು. ಒಂದು ದಿನದ ಕೆಲಸವಾಗಲು ಈ ಪದ ಒಪ್ಪುವುದಿಲ್ಲ. ಜೊತೆಗೆ ಅದು ಹೆಚ್ಚಾಗಿ ಬಹುವಚನ: ನಾವು, ನಮ್ಮ ಮನೆತನದವರು. ಒಬ್ಬನೇ ಒಬ್ಬ ದೇವರಿಗೆ ನಡಕೊಳ್ಳಬಹುದು, ಆದರೆ ಪದ ತನ್ನ ಹಿಂದೆ ಒಂದು ಮನೆಯನ್ನು ಹುಡುಕುತ್ತಿರುತ್ತದೆ.

ಇದೇ ಸೀಮೆಯ ಕ್ರೈಸ್ತರ ಬಾಯಲ್ಲಿ ಈ ಪದ ಏನಾಯಿತು ಎಂಬುದು ನನ್ನನ್ನು ಬಹಳ ದಿನಗಳಿಂದ ಹಿಡಿದಿಟ್ಟಿದೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಆ ಕೆಲಸ ಮುಂದೆ ಮೆಥೋಡಿಸ್ಟರ ಕೈಗೆ ಬಂತು. ಅತ್ತ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1851ರಲ್ಲಿ ರಾಮದುರ್ಗದಾಚೆಯ ಗುಳೇದಗುಡ್ಡಕ್ಕೂ ಬಂದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಮಾಡಿದ ಅನುವಾದದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು; ಆಮೇಲೆ ಅದನ್ನು ತಿದ್ದುತ್ತ ಬಂದರು. ಸಭೆಗಳಿಗೆ ಹೀಗೆ ಬಂದ ಪದಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡಿದ್ದು ನಂಬಿಕೆ, ವಿಶ್ವಾಸ, ವಿಶ್ವಾಸಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ 'ಪಿಸ್ತಿಸ್' ಎಂಬ ಒಂದೇ ಪದ ನಂಬುವುದನ್ನೂ ನಂಬಿಕೆಗೆ ಅರ್ಹನಾಗಿ ಬಾಳುವುದನ್ನೂ ಒಟ್ಟಿಗೆ ಹೇಳುತ್ತದೆ. ಕನ್ನಡದಲ್ಲಿ ಅದು ಎರಡಾಯಿತು, ನಂಬಿಕೆ ಮತ್ತು ನಂಬಿಗಸ್ತಿಕೆ. ನನಗೆ ಕಾಣುವಂತೆ ಮೊದಲನೆಯದು ಪ್ರಸಂಗಪೀಠ ಏರಿತು. ಎರಡನೆಯದು ಆಳುಮಕ್ಕಳ ಗುಣವಾಗಿ ಹೊರಗಿನ ಕಟ್ಟೆಯ ಮೇಲೆಯೇ ಉಳಿಯಿತು.

ಆದರೆ ಹಳ್ಳಿಯ ಕ್ರೈಸ್ತರು ತಮ್ಮ ಪದವನ್ನು ಬಿಟ್ಟುಕೊಡಲಿಲ್ಲ. "ನಾವು ಯೇಸುಸ್ವಾಮಿಗೆ ನಡಕೋತೇವ್ರಿ" ಎಂದು ಹಿರಿಯ ಹೆಣ್ಣುಮಗಳೊಬ್ಬಳು ಹೇಳಿದಾಗ ಅದರಲ್ಲಿ ಸಿದ್ಧಾಂತದ ಘೋಷಣೆ ಇರುವುದಿಲ್ಲ. ತನ್ನ ಮನೆಯ ವಾರ, ತನ್ನ ಮನೆಯ ಮದುವೆ, ತನ್ನ ಮನೆಯ ಸಾವು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ಅವಳು ಹೇಳುತ್ತಿದ್ದಾಳೆ. ಗುಡ್ಡಕ್ಕೆ ಸೇರಿದ ಮಾತು ಸಭೆಗೆ ಯಾಕೆ ಎಂದು ಯಾರಿಗಾದರೂ ಅಳುಕಿರಬಹುದು. ನನಗಿಲ್ಲ. ನೆರೆಮನೆಯವರಿಗೆ ಅರ್ಥವಾಗುವ ಮಾತಿನಲ್ಲಿಯೇ ತನ್ನ ದೇವರ ಹೆಸರು ಹೇಳುವವಳು ಸಾಕ್ಷಿ ನುಡಿಯುತ್ತಿದ್ದಾಳೆ. ಅವರಿಗೆ ಆ ಪದದ ಭಾರ ಗೊತ್ತು, ನಡಕೊಳ್ಳುತ್ತೇನೆ ಎಂದವಳನ್ನು ಅವರು ವರ್ಷಗಟ್ಟಲೆ ನೋಡುತ್ತಾರೆ.

ನೋಡುವುದು ಎಲ್ಲಿ? ಹೊಲದಲ್ಲಿ. ಬೈಲಹೊಂಗಲದ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಕೂಲಿ ತೂಕದ ಮೇಲೆ ಇದ್ದಾಗ ಒದ್ದೆ ಹತ್ತಿ ಹೆಚ್ಚು ತೂಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಇಬ್ಬನಿ ಆರುವ ಮುಂಚೆ ಬಿಡಿಸಿ ಚೀಲ ತುಂಬಿದರೆ ಕೇಳುವವರಿಲ್ಲ. ದಲಾಲಿ ಅಂಗಡಿಯಲ್ಲಿ ಕಾಟಾ ಮಾಡುವವನ ಬೆರಳ ತುದಿಯಲ್ಲಿ ಒಬ್ಬ ರೈತನ ವರ್ಷದ ಬೆಳೆ ಇರುತ್ತದೆ. ರಾಮದುರ್ಗದ ನೇಕಾರ ಓಣಿಗಳಲ್ಲಿ ಮಾಲೀಕನಿಂದ ನೂಲು ತೂಗಿಸಿಕೊಂಡು ತಂದು, ನೇಯ್ದ ಸೀರೆ ಮರಳಿ ಕೊಡುವವನ ಕೈಯಲ್ಲಿ ಸ್ವಲ್ಪ ನೂಲು ಉಳಿದೇ ಉಳಿಯುತ್ತದೆ. ಓಣಿಯ ಹೆಂಗಸರು ನಡೆಸುವ ಭಿಶಿ ಚೀಟಿಯಲ್ಲಿ ತನ್ನ ಪಾಳಿಯ ದುಡ್ಡು ಎತ್ತಿಕೊಂಡ ಮೇಲೂ ಕೊನೆಯ ತಿಂಗಳವರೆಗೆ ತಪ್ಪದೆ ಕಂತು ಕಟ್ಟುವುದು ಸಣ್ಣ ಮಾತಲ್ಲ. ಒಡೆಯನು ಊರಿಗೆ ಹೋಗುವಾಗ ಮೂವರು ಆಳುಗಳ ಕೈಗೆ ಹಣ ಒಪ್ಪಿಸಿದ ಕಥೆಯನ್ನು ಯೇಸು ಹೇಳಿದ್ದು ಇಂಥ ಪೇಟೆಗಳನ್ನು ಬಲ್ಲ ಜನರಿಗೇ. ಆ ಕಥೆಯ ಒಡೆಯ ಲೆಕ್ಕ ಕೇಳುವಾಗ 'ಸ್ವಲ್ಪದರಲ್ಲಿ' ಹೇಗಿದ್ದೆ ಎಂದು ನೋಡುತ್ತಾನೆ. ಆ ಸ್ವಲ್ಪ ಎಂದರೆ ಇದೇ, ಒಂದು ಹಿಡಿ ನೂಲು.

ಸುಗ್ಗಿಯ ಕಾಲದ ರವಿವಾರ ಇನ್ನೊಂದು ಪರೀಕ್ಷೆ. ಕೂಲಿ ಹೆಚ್ಚಿರುವುದೇ ಆಗ, ಮಳೆ ಮೋಡ ಕಂಡರೆ ಹೊಲದ ಯಜಮಾನ ಮನೆಬಾಗಿಲಿಗೇ ಬಂದು ಕರೆಯುತ್ತಾನೆ. ಆ ದಿನದ ಕೂಲಿ ಬಿಟ್ಟು ಆರಾಧನೆಗೆ ಹೋಗುವ ಮನೆಗೂ, ಹೊಲಕ್ಕೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡುವ ಮನೆಗೂ ನಾನು ತೀರ್ಪು ಹೇಳಲಾರೆ. ತಿಂಗಳ ಪಗಾರ ತರುವವರು ಕೂಲಿಯವರಿಗೆ ಸಬ್ಬತ್ತಿನ ಪಾಠ ಹೇಳುವ ಮುಂಚೆ ಅವರ ಒಲೆಯನ್ನು ನೋಡಬೇಕು. ಆದರೆ ಒಂದು ಮಾತು ನಿಜ. ಎರಡೂ ಬಿಟ್ಟ ಮನೆ ತನ್ನ ಬಗ್ಗೆ 'ನಡಕೋತೇವಿ' ಎಂದು ಹೇಳುವಾಗ ನಾಲಿಗೆ ತಡವರಿಸುತ್ತದೆ, ಪದ ಅಷ್ಟು ಪ್ರಾಮಾಣಿಕವಾದದ್ದು.

ಕಾರಹುಣ್ಣಿಮೆಗೋ ಜಾತ್ರೆಗೋ ಪಕ್ಕದ ಮನೆಯಿಂದ ಹೋಳಿಗೆ ತಾಟು ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆಯೂ ಇಲ್ಲಿ ದಿನಬಳಕೆಯದು. ಎರಡು ಸಾವಿರ ವರ್ಷದ ಹಿಂದೆ ಕೊರಿಂಥದ ಸಭೆಯವರು ಹೆಚ್ಚುಕಡಿಮೆ ಇದನ್ನೇ ಪೌಲನಿಗೆ ಕೇಳಿದ್ದರು. ಅವನ ಉತ್ತರದಲ್ಲಿ ಊಟದ ತಟ್ಟೆಗಿಂತ ಹೆಚ್ಚು ಜಾಗ ಪಡೆದದ್ದು ಪಕ್ಕದಲ್ಲಿ ಕೂತ ದುರ್ಬಲ ಮನಸ್ಸಿನ ಸಹೋದರ. ಹೋಳಿಗೆ ತಂದ ಕೈಯನ್ನು ನೋಯಿಸದೆ, ತನ್ನ ದೇವರನ್ನೂ ಮರೆಯದೆ, ಕ್ರಿಸ್‌ಮಸ್ಸಿಗೆ ಅದೇ ತಾಟಿನಲ್ಲಿ ಕರ್ಚಿಕಾಯಿ ತುಂಬಿ ಕಳಿಸುವ ಹೆಂಗಸರು ದೇವರಿಗೂ ಓಣಿಗೂ ಏಕಕಾಲಕ್ಕೆ ನಡಕೊಳ್ಳುವುದನ್ನು ಕಲಿತವರು.

ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಈ ಪದ ಇನ್ನೊಂದು ರೂಪ ತಾಳಿದೆ. ಅಲ್ಲಿರುವ ಕ್ರೈಸ್ತ ದೇವಾಲಯದ ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತಮಠ. ಸ್ನಾನಿಕ ಅರುಳಪ್ಪ ಎಂದರೆ ದೀಕ್ಷಾಸ್ನಾನ ಕೊಟ್ಟ ಯೋಹಾನ. ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು ಅಲ್ಲಿ ಕಾವಿ ಉಟ್ಟು, ಶಾಕಾಹಾರದಲ್ಲಿ, ಈ ನಾಡಿನ ಸ್ವಾಮಿಗಳ ರೀತಿಯಲ್ಲಿ ಬಾಳುತ್ತ ಬಂದಿದ್ದಾರೆ. ಲಿಂಗಾಯತರ ಷಟ್‌ಸ್ಥಲದಲ್ಲಿ ಶ್ರದ್ಧೆಯ ಮುಂದಿನ ಮೆಟ್ಟಿಲು ನಿಷ್ಠೆ. ಆ ಮೆಟ್ಟಿಲಿನ ಅರ್ಥ ಗೊತ್ತಿರುವ ಜನರ ನಡುವೆ ಬಾಳಬೇಕಾದವರು ತಮ್ಮ ನಿಷ್ಠೆಯನ್ನು ಮೊದಲು ಉಡುಗೆಯಲ್ಲಿ, ಊಟದಲ್ಲಿ, ದಿನಚರಿಯಲ್ಲಿ ತೋರಿಸಬೇಕಾಯಿತು. "ಮಠಕ್ಕ ನಡಕೋತೇವಿ" ಎಂಬ ಮಾತನ್ನು ಅಲ್ಲಿಯ ಕ್ರೈಸ್ತರು ಒಂದಕ್ಷರವನ್ನೂ ಬದಲಿಸದೆ ಹೇಳಬಹುದು.

ಈ ಬೇರಿನ ಇನ್ನೊಂದು ಕವಲು 'ನಡೆಸಿಕೊಡು'. ಕೊಟ್ಟ ಮಾತನ್ನು ಉಳಿಸಿಕೊಳ್ಳುವವನು ಮಾತು ನಡೆಸಿಕೊಡುತ್ತಾನೆ. ಕಿತ್ತೂರಿನ ಎದೆಯಲ್ಲಿ ಈ ಪದದ ಗಾಯವಿದೆ. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಸತ್ತ ಮೇಲೆ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನ ಬಂದಿಗಳಾಗಿದ್ದರು. ಅವರನ್ನು ಬಿಟ್ಟರೆ ಯುದ್ಧವಿಲ್ಲ ಎಂಬ ಭರವಸೆ ಸಿಕ್ಕಿತೆಂದೂ ರಾಣಿ ಅವರನ್ನು ಬಿಟ್ಟಳೆಂದೂ ಈ ನಾಡು ಹೇಳುತ್ತ ಬಂದಿದೆ. ಕಂಪನಿಯವರು ಮಾತು ನಡೆಸಿಕೊಡಲಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅವಳ ಮಾತಿಗೆ ಕಡೆತನಕ ನಿಂತ ಸಂಗೊಳ್ಳಿ ರಾಯಣ್ಣ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಬಳ್ಳಾರಿಯಲ್ಲಿ ಹ್ಯಾಂಡ್ಸ್ ದೇವರ ವಾಗ್ದಾನಗಳಿಗೆ ಕನ್ನಡ ಪದ ಹುಡುಕುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಬೈಬಲ್ಲಿನ ಮೇಲೆ ಆಣೆಯಿಡುವ ಸರ್ಕಾರ ಇಲ್ಲಿ ಹೀಗೆ ಮಾಡಿತ್ತು. ಈ ಸೀಮೆಯಲ್ಲಿ ಕ್ರಿಸ್ತನ ಹೆಸರು ಹೇಳುವವರು ಇದನ್ನು ಮರೆಯಬಾರದು. ಇಲ್ಲಿ ರಾಯಣ್ಣನ ಹೆಸರು ಹೇಳಿದರೆ ಮಕ್ಕಳೂ ಎದ್ದು ನಿಲ್ಲುತ್ತಾರೆ. ನಂಬಿಗಸ್ತಿಕೆ ಎಂದರೇನು ಎಂದು ಈ ಜನಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ. ನಾವು ಹಾಗೆ ಬಾಳುತ್ತೇವೆಯೇ ಎಂದು ಅವರು ನೋಡುತ್ತಾರೆ, ನೋಡುವ ಹಕ್ಕು ಅವರಿಗಿದೆ.

ಬಹಳ ಜನ ಗಮನಿಸದ ಒಂದು ಸಂಗತಿ: ನಮ್ಮ ಊರುಗಳಲ್ಲಿ ನಂಬಿಗಸ್ತ ಎನ್ನುವುದು ಕೆಳಗಿನವರಿಗೆ ಸಲ್ಲುವ ಹೊಗಳಿಕೆ. ಆಳು, ಬಂಟ, ಕಾರಕೂನ ನಂಬಿಗಸ್ತರು. ಗೌಡರು ಆಳಿಗೆ ನಂಬಿಗಸ್ತರು ಎಂದು ಯಾರೂ ಅನ್ನುವುದಿಲ್ಲ. ಕನ್ನಡ ಬೈಬಲ್ ಈ ಆಳಿನ ಪದವನ್ನು ಎತ್ತಿ ದೇವರಿಗೇ ಇಟ್ಟಿತು. ಮೇಲಿನವನು ಕೆಳಗಿನವರಿಗೆ ನಂಬಿಗಸ್ತ! ಗೌಡಕಿಯ ನಾಡಿನಲ್ಲಿ ಇದು ಎಷ್ಟು ದೊಡ್ಡ ಮಾತು ಎಂಬುದು ಓದಿ ಓದಿ ರೂಢಿಯಾದ ನಮಗೆ ಹೊಳೆಯುವುದೇ ಇಲ್ಲ.

ಸಭೆಯ ಹಿರಿಯರು ಅದನ್ನು ತಮ್ಮದೇ ಕ್ರಿಯಾಪದದಲ್ಲಿ ಹೇಳುತ್ತಾರೆ. "ದೇವರು ಇಲ್ಲೀತನಕ ನಡಿಸಿಕೊಂಡು ಬಂದಾನ." ನಾವು ನಡಕೊಳ್ಳುತ್ತೇವೆ, ಆತ ನಡೆಸುತ್ತಾನೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಸಾಕ್ಷಿ ಹೇಳಲು ಎದ್ದವರ ಬಾಯಲ್ಲಿ ಮತ್ತೆ ಮತ್ತೆ ಬರುವುದು ಈ ಮಾತೇ: ಬೆಳೆ ಹೋಯಿತು, ನಡೆಸಿದ, ಗಂಡ ತೀರಿಕೊಂಡ, ನಡೆಸಿದ. ಹಿಂಗಾರಿ ಬಿಳಿಜೋಳ ಎಂದೋ ಬಿದ್ದ ಮಳೆಯ ಹಸಿಯನ್ನು ಎರೆಮಣ್ಣಿನಿಂದ ಹೀರುತ್ತ ಒಣ ಚಳಿಯಲ್ಲಿ ತೆನೆಗಟ್ಟುವಂತೆ, ಎಂದೋ ಕಂಡ ಕರುಣೆಯ ಹಸಿಯಲ್ಲಿ ಈ ಮಂದಿ ವರ್ಷ ಕಳೆದಿರುತ್ತಾರೆ. ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಒಡಂಬಡಿಕೆಯ ಆರಾಧನೆಯ ಹಿಂದೆ ಇದೇ ತಿಳುವಳಿಕೆ ಇದೆ. ದೇವರಿಗೆ ಕೊಟ್ಟ ಮಾತು ಒಮ್ಮೆ ಕೊಟ್ಟರೆ ಸಾಲದು, ಮತ್ತೆ ಮತ್ತೆ ಕೊಡಬೇಕು, ಯಾಕೆಂದರೆ ನಾವು ತಪ್ಪಿ ನಡೆಯುತ್ತೇವೆ. 'ತಪ್ಪಿ ನಡೆ', ಮತ್ತೆ ಅದೇ ಪದ. ನಡೆಯುವವನು ಎಡವದೆ ಕೂತವನು ಎಡವುತ್ತಾನೆಯೇ ಎಂದು ಗಾದೆ ಕೇಳುತ್ತದೆ. ಕೋಳಿ ಕೂಗುವ ಮುಂಚೆ ಮೂರು ಸಲ ಎಡವಿದ ಪೇತ್ರನನ್ನೇ ಕರ್ತನು ಕೆರೆಯ ದಂಡೆಯಲ್ಲಿ ಮತ್ತೆ ಕಂಡು ಕುರಿಗಳನ್ನು ಒಪ್ಪಿಸಿದ.

ಇಷ್ಟು ಹೇಳಿದ ಮೇಲೆ ನಮ್ಮ ಸಭಾಪಾಲಕರಲ್ಲಿ ಒಂದು ಬೇಡಿಕೆ ಇಡುತ್ತೇನೆ. ದೀಕ್ಷಾಸ್ನಾನಕ್ಕೂ ದೃಢೀಕರಣಕ್ಕೂ ಮಕ್ಕಳನ್ನು ತಯಾರು ಮಾಡುವಾಗ "ನಂಬುತ್ತೀಯಾ?" ಎಂದು ಕೇಳುತ್ತೀರಿ, "ನಂಬುತ್ತೇನೆ" ಎಂದು ಹುಡುಗ ಒಪ್ಪಿಸುತ್ತಾನೆ. ಅದು ಇರಲಿ. ಅದರ ಬೆನ್ನಿಗೇ ಅವನ ಅವ್ವ, ಅಪ್ಪ, ಅಜ್ಜಿ ಕೂತಿರುವ ಚಾಪೆಯ ಕಡೆ ತಿರುಗಿ "ನಿಮ್ಮ ಮನ್ಯಾಗ ಯಾರಿಗೆ ನಡಕೋತೀರಿ?" ಎಂದು ಊರ ಮಾತಿನಲ್ಲಿ ಕೇಳಿ. ಮನೆಯವರು ಉತ್ತರ ಹೇಳುವಾಗ ಹುಡುಗ ಅದನ್ನು ಕೇಳಿಸಿಕೊಳ್ಳಲಿ. ನಾಳೆ ಅವನು ಕೆಲಸ ಹುಡುಕಿ ಪುಣೆಗೋ ಬೆಂಗಳೂರಿಗೋ ಹೋಗುವವನು. ಅಲ್ಲಿ ಅವನನ್ನು ನೋಡಲು ಓಣಿ ಇರುವುದಿಲ್ಲ.